ಸಂಪಿಯ ಹಾಲು, ಬೂದವ್ವನ ಬಾಯಿ

ಮಕ್ಕಳೇ, ಕರಿಬಂಡೆ ಹೊಳೆಯ ಈಚೆ ದಡದ ಕಾಡಿನಲ್ಲಿ ಒಂದು ದೊಡ್ಡ ಗೋಣಿಮರ. ಆ ಮರದ ತುಂಬ ಮುಸಿಯಗಳು. ಕಪ್ಪು ಮೂತಿ, ಬೂದು ಮೈ, ಮೈಗಿಂತ ಉದ್ದದ ಬಾಲ. ಕೊಂಬೆಗೊಂದು ಸಂಸಾರ. ಯಾರ ಕೊಂಬೆಗೆ ಯಾರು ಹೋದರು, ಯಾರು ಏನು ತಿಂದರು, ಯಾರು ಯಾರನ್ನು ಕಂಡು ಮುಖ ತಿರುಗಿಸಿದರು, ಎಲ್ಲವೂ ಕಾಣುವಂಥ ಒಂದು ಅಡ್ಡಕೊಂಬೆ ಇತ್ತು. ಅಲ್ಲಿ ಬೂದವ್ವ ಕೂತಿರುತ್ತಿದ್ದಳು.

ಬೂದವ್ವನಿಗೆ ಹಲ್ಲು ನಾಲ್ಕೇ ಉಳಿದಿದ್ದವು. ನಾಲಿಗೆ ಮಾತ್ರ ಸವೆದಿರಲಿಲ್ಲ. ಕಂಡದ್ದನ್ನು ಹೇಳುವುದು ಯಾರಿಗಾದರೂ ಬರುತ್ತದೆ. ಬೂದವ್ವ ಕಾಣದ್ದನ್ನು ಕಂಡವರಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಒಮ್ಮೆ ಹೇಳಿದಳೋ, ಆಮೇಲೆ ದೇವರೇ ಇಳಿದು ಬಂದು ಹಾಗಲ್ಲ ಎಂದರೂ ಒಪ್ಪುವ ಪೈಕಿ ಅಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಚಿರತೆ ಬಂದು ಒಬ್ಬ ಬಾಣಂತಿಯನ್ನು ಎಳೆದುಕೊಂಡು ಹೋಯಿತು. ಅವಳ ಹತ್ತು ದಿನದ ಕೂಸು ಕೊಂಬೆಯ ಸಂದಿಯಲ್ಲಿ ಉಳಿಯಿತು. ಮಾವಿನ ಮಿಡಿಯಷ್ಟೇ ಇತ್ತು. ಮಿಡಿ ಎಂದೇ ಹೆಸರಾಯಿತು. ಎಲ್ಲರೂ ಸುತ್ತ ಕೂತು ಲೊಚಗುಟ್ಟುತ್ತಿದ್ದಾಗ ಸಂಪಿ ಎಂಬವಳು ಹೋಗಿ ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು.

ಸಂಪಿಗೆ ಮದುವೆಯಾಗಿ ಆರು ಬೇಸಿಗೆ ಕಳೆದಿದ್ದವು. ಒಂದು ಮಗುವೂ ಆಗಿರಲಿಲ್ಲ.

"ಚೆನ್ನಾಯಿತು," ಎಂದಳು ಬೂದವ್ವ. "ಹೆರದವಳು ಕೂಸು ಎತ್ತಿಕೊಂಡಳು. ಅದಕ್ಕೆ ಏನು ಕುಡಿಸುತ್ತೀಯೇ, ಗಾಳಿಯ?"

"ಕೆಂಚಿಗೆ ಹಾಲಿದೆಯಲ್ಲ ಅಜ್ಜಿ. ಅವಳ ಕೂಸಿನ ಜೊತೆ ಇದಕ್ಕೂ ದಿನಕ್ಕೆ ನಾಲ್ಕೈದು ಸಲ ಕೊಡುತ್ತೇನೆ ಅಂದಿದ್ದಾಳೆ. ಉಳಿದ ಹೊತ್ತು ನನ್ನ ಎದೆಯಲ್ಲಿರಲಿ."

"ನಿನ್ನ ಎದೆಯಲ್ಲಿ ಏನಿದೆ?"

"ಈವತ್ತು ಏನೂ ಇಲ್ಲ," ಎಂದಳು ಸಂಪಿ. "ಚೀಪುತ್ತಾ ಚೀಪುತ್ತಾ ಬರುತ್ತದಂತೆ."

ಬೂದವ್ವ ಹಣೆ ಹಣೆ ಚಚ್ಚಿಕೊಂಡಳು. ಹನ್ನೊಂದು ಹೆತ್ತವಳು ಅವಳು. ಹೆರದೆ ಹಾಲು ಬರುವುದಾಗಿದ್ದರೆ ಹನ್ನೊಂದು ಸಲ ಆ ನೋವು ತಿನ್ನುವ ಕರ್ಮ ಯಾರಿಗೆ ಬೇಕಿತ್ತು? ಇಷ್ಟು ಸಣ್ಣ ಮಾತು ಈ ಹುಡುಗಿಯ ತಲೆಗೆ ಹೋಗುವುದಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ನೆತ್ತಿಗೇರಿತು.

ಆ ಸಂಜೆ ಗುಂಪಿನ ಯಜಮಾನ ಕೋರೆಯ್ಯ ಎಲ್ಲರನ್ನೂ ಕರೆದ. ಅವನು ದೊಡ್ಡ ಗಡವ, ಗುಂಪಿನಲ್ಲೇ ಬಲವಾದ ಗಂಡು. ಮಾತು ಕಡಿಮೆ.

"ಈಚೆ ದಡದಲ್ಲಿ ಚಿಗುರು ಮುಗಿಯುತ್ತಾ ಬಂತು. ಚಿರತೆ ಬೇರೆ ರುಚಿ ಕಂಡಿದೆ. ಮುಂದಿನ ಹುಣ್ಣಿಮೆಯ ದಿನ ಬೆಳಿಗ್ಗೆ ಹೊಳೆ ದಾಟುತ್ತೇವೆ. ಈಚೆ ಮತ್ತಿಮರದಿಂದ ಆಚೆ ಮತ್ತಿಮರಕ್ಕೆ ಒಂದೇ ನೆಗೆತ. ಕೆಳಗೆ ಬರೀ ಬಂಡೆ. ಹಿರಿಯರ ಕಟ್ಟಳೆ ಗೊತ್ತಲ್ಲ? ಹಾಲಿದ್ದವಳೇ ಕೂಸನ್ನು ಹೊತ್ತು ನೆಗೆಯಬೇಕು. ಮೊಲೆ ಕಚ್ಚಿದ ಕೂಸು ಬಿಡುವುದಿಲ್ಲ. ಬರಿ ಎದೆಯ ಮೇಲಿರುವ ಕೂಸು ಹಾಲು ಹುಡುಕಿಕೊಂಡು ಕೈ ಬಿಡುತ್ತದೆ."

"ಹಾಗಾದರೆ ಮಿಡಿ?" ಎಂದಳು ಸಂಪಿ.

"ಕೆಂಚಿ ಹೊರಬೇಕು."

ಕೆಂಚಿ ಒಳ್ಳೆಯವಳು, ಆದರೆ ಪೆದ್ದಿಯಲ್ಲ. "ಹಾಲು ಎಷ್ಟು ಬೇಕಾದರೂ ಕೊಡುತ್ತೇನೆ, ಯಜಮಾನರೇ. ಎರಡು ಕೂಸು ನೇತು ಹಾಕಿಕೊಂಡು ನೆಗೆದರೆ ಮೂವರೂ ಬಂಡೆಯ ಮೇಲೆ ಇರುತ್ತೇವೆ. ಅದು ನನ್ನಿಂದಾಗದು," ಎಂದಳು.

ಹೊರುವವರಿಲ್ಲದ ಕೂಸು ಈಚೆ ದಡದಲ್ಲಿ ಉಳಿಯುತ್ತದೆ ಎಂಬುದು ಎಲ್ಲರಿಗೂ ತಿಳಿಯಿತು. ಸಂಪಿ ಮಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಮರದ ಬುಡದಲ್ಲಿ ನೆಲ ಕೆದಕುತ್ತಿದ್ದ ಕಾಡುಹಂದಿ ತುಂಗವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಮಾರನೆಯ ದಿನ ಮೂತಿಯಲ್ಲಿ ಒಂದು ಗೊಂಚಲು ಬಿಳೀ ಬೇರು ಕಚ್ಚಿಕೊಂಡು ಬಂದಳು.

"ಸಂಪಿ, ಇಳಿದು ಬಾ. ಇದು ಹಲವು ಮಕ್ಕಳ ತಾಯಿ ಬೇರು. ನಮ್ಮ ಬಾಣಂತಿಯರು ಹಾಲು ಬರಲಿ ಅಂತ ತಿನ್ನುತ್ತಾರೆ. ದಿನಾ ಅಗೆದು ಕೊಡುತ್ತೇನೆ. ಆದರೆ ಬೇರು ತಿಂದು ಸುಮ್ಮನೆ ಕೂತರೆ ತಿಂದದ್ದು ದಂಡ. ಕೂಸನ್ನು ಎದೆಯಿಂದ ಇಳಿಸಬೇಡ. ಕುಡಿಯುವವರು ಬಂದಿದ್ದಾರೆ ಅಂತ ಮೈಗೆ ಗೊತ್ತಾಗಬೇಕು."

"ಆಗುತ್ತದೆಯೇ ಅಕ್ಕ?"

"ನನ್ನ ತಂಗಿಗೆ ಆಗಿತ್ತು. ನಿನಗೂ ಆಗಿಯೇ ಆಗುತ್ತದೆ ಅಂತ ಹೇಳಲಾರೆ. ಪ್ರಯತ್ನ ಪಡದೆ ಇದ್ದರೆ ಆಗುವುದಿಲ್ಲ, ಅದನ್ನು ಮಾತ್ರ ಹೇಳಬಲ್ಲೆ."

"ಇನ್ನು ಇದೊಂದು ಬಾಕಿ ಇತ್ತು," ಎಂದಳು ಮೇಲಿನಿಂದ ಬೂದವ್ವ. "ಕೆಸರಿನಲ್ಲಿ ಹೊರಳುವವಳು ಮದ್ದು ಹೇಳುವುದು, ಮರದ ಮೇಲಿನವಳು ತಿನ್ನುವುದು. ತಂಗಿಯ ಕತೆ ನಮಗೇನು ಗೊತ್ತು? ಹಂದಿಯ ಮನೆಯ ಲೆಕ್ಕ ಹಂದಿಗೇ ಇರುವುದಿಲ್ಲ."

"ನಿಮ್ಮ ಮರದಿಂದ ದಿನಾ ಏನೇನು ಉದುರುತ್ತದೆ ಅಂತ ನನಗೆ ಗೊತ್ತು ಬೂದವ್ವ," ಎಂದು ತುಂಗವ್ವ ಬಾಲ ಅಲ್ಲಾಡಿಸಿ ಹೊರಟುಹೋದಳು.

ಅಲ್ಲಿಂದ ಬೂದವ್ವನಿಗೆ ಬೇರೆ ಕೆಲಸವೇ ಇರಲಿಲ್ಲ. ಬೆಳಗಾದರೆ ಸಂಪಿಯ ಕೊಂಬೆಯ ಕಡೆ ಮುಖ ಮಾಡಿ ಕೂರುವುದು. ಮಿಡಿ ಚೀಪುತ್ತದೆ, ಏನೂ ಸಿಗದೆ ಚೀರುತ್ತದೆ. ಸಂಪಿ ಆ ಕಡೆಯ ಮೊಲೆ ಕೊಡುತ್ತಾಳೆ. ಮತ್ತೆ ಚೀರಾಟ. ಕೆಂಚಿಯ ಹತ್ತಿರ ಓಡುತ್ತಾಳೆ, ಹೊಟ್ಟೆ ತುಂಬಿಸಿಕೊಂಡು ಬಂದು ಮತ್ತೆ ಎದೆಗೆ ಹಾಕಿಕೊಳ್ಳುತ್ತಾಳೆ. ಐದು ದಿನ. ಹತ್ತು ದಿನ. ಹದಿನೈದು ದಿನ.

"ಬಂತೇನೇ?" ಎಂದು ದಿನಕ್ಕೆ ನೂರು ಸಲ ಕೂಗುತ್ತಿದ್ದಳು ಬೂದವ್ವ.

"ಬಂದಾಗ ಮೊದಲು ನಿಮಗೇ ಹೇಳಿ ಕಳಿಸುತ್ತೇನೆ ಅಜ್ಜಿ. ಈಗ ಸ್ವಲ್ಪ ಬಾಯಿ ಮುಚ್ಚಿಕೊಳ್ಳಿ. ಕೂಸು ಬೆದರುತ್ತದೆ."

ಹದಿನೇಳನೆಯ ದಿನ ಸಂಪಿಯ ಮೊಲೆತೊಟ್ಟು ಒಡೆದು ನೋಯುತ್ತಿತ್ತು. ಅವಳು ಎಲ್ಲರಿಗೂ ಬೆನ್ನು ಹಾಕಿ ಕೂತು ಅತ್ತಳು. ಅಳುತ್ತಲೇ ಮಿಡಿಯ ಬಾಯಿಗೆ ಎದೆ ಕೊಟ್ಟಳು. ಬೂದವ್ವ ಅದನ್ನೂ ನೋಡಿದಳು. ಆ ಒಂದು ದಿನ ಮಾತ್ರ ಅವಳು ಯಾರಿಗೂ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಹೊಟ್ಟೆ ಉಬ್ಬರಿಸಿತು.

ಇಪ್ಪತ್ತನಾಲ್ಕನೆಯ ದಿನ ಕೆಂಚಿ ಮಿಡಿಯನ್ನು ಹಿಡಿದುಕೊಂಡು ಓಡೋಡಿ ಬಂದಳು.

"ಕೇಳಿದಿರಾ? ಇದು ಈವತ್ತು ನನ್ನ ಹಾಲನ್ನು ಅರ್ಧಕ್ಕೇ ಬಿಟ್ಟಿತು. ಹೊಟ್ಟೆ ತುಂಬಿದೆ ಇದಕ್ಕೆ. ಬಾಯಿಯ ಮೂಲೆ ನೋಡಿ."

ಮಿಡಿಯ ಬಾಯಿಯ ಮೂಲೆಯಲ್ಲಿ ಬೆಳ್ಳಗೆ ಒಂದು ಗೆರೆ. ಇಡೀ ಮರ ಸಂಪಿಯ ಕೊಂಬೆಗೆ ಹಾರಿತು. ಬೂದವ್ವನಿಗೆ ತನ್ನ ಮಾತಿನ ಚಿಂತೆ ಹತ್ತಿತು. ಇಪ್ಪತ್ತಮೂರು ದಿನದಿಂದ ಬರುವುದಿಲ್ಲ, ಬರುವುದಿಲ್ಲ ಎಂದು ಹೇಳಿಕೊಂಡು ಬಂದ ಮಾತಿನ ಗತಿ ಏನು?

"ಹೆತ್ತಿದ್ದಾಳೆ," ಎಂದಳು ಬೂದವ್ವ.

"ಯಾರು?"

"ಇನ್ಯಾರು, ಇವಳೇ. ಹೆರದೆ ಹಾಲು ಬರುವುದಿಲ್ಲ. ಹಾಲು ಬಂದಿದೆ. ಅಂದಮೇಲೆ ಗುಟ್ಟಾಗಿ ಹೆತ್ತಿದ್ದಾಳೆ. ಗುಡ್ಡದಾಚೆ ಒಬ್ಬ ಒಂಟಿ ಗಡವ ಇದ್ದಾನಲ್ಲ, ಸೊಟ್ಟ ಬಾಲದವನು. ನಾನು ಹೆಚ್ಚಿಗೆ ಹೇಳುವುದಿಲ್ಲ."

ಮರದ ತುಂಬ ಪಿಸುಪಿಸು ಎದ್ದಿತು. ಸಂಪಿಯ ಮುಖ ಇನ್ನೂ ಕಪ್ಪಾಯಿತು. ಕೆಂಚಿ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಯಾವತ್ತು ಹೋದಳು ಅಜ್ಜಿ ಗುಡ್ಡದಾಚೆ?"

"ಯಾವತ್ತೋ ಹೋಗಿರುತ್ತಾಳೆ."

"ಇಪ್ಪತ್ತಮೂರು ದಿನದಿಂದ ನೀವು ಅವಳ ಮೇಲಿಂದ ಕಣ್ಣು ತೆಗೆದಿಲ್ಲ. ಅದಕ್ಕೂ ಮುಂಚೆ ಹೊಟ್ಟೆ ಬಂದಿದ್ದರೆ ನಮಗಿಂತ ಮೊದಲು ನಿಮಗೇ ಕಾಣುತ್ತಿತ್ತು. ಕಂಡಿತ್ತೇ?"

ಬೂದವ್ವ ಆ ಮಾತನ್ನು ಅಲ್ಲಿಗೇ ಕೈಬಿಟ್ಟಳು. ಕಂಡಿತ್ತು ಎಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಕಂಡದ್ದನ್ನು ಹೇಳದೆ ಇಟ್ಟುಕೊಂಡಳು ಎಂಬ ಅವಮಾನ ಅವಳು ತಡೆಯಲಾರಳು.

ಹುಣ್ಣಿಮೆಯ ದಿನ ಬೆಳಿಗ್ಗೆ ಗುಂಪೆಲ್ಲ ಮತ್ತಿಮರದ ಬಳಿ ಸೇರಿತು. ಅಷ್ಟರಲ್ಲಿ ಬೂದವ್ವ ಹೊಸ ಮಾತು ಸಿದ್ಧ ಮಾಡಿಕೊಂಡಿದ್ದಳು. ಒಂದು ಎಳೆ ಹಲಸಿನಕಾಯಿಯನ್ನು ಎಳೆದುಕೊಂಡು ಬಂದಿದ್ದಳು.

"ಯಜಮಾನ್ರೇ, ಇವಳು ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದ್ದಾಳೆ. ಅದು ಹಾಲೂ ಅಲ್ಲ, ಏನೂ ಅಲ್ಲ. ಹಲಸಿನಕಾಯಿಯ ಸೊನೆ. ಮೊಲೆಗೆ ಹಚ್ಚಿಕೊಂಡು ಕೂಸಿನ ಬಾಯಿಗೂ ಸವರಿದ್ದಾಳೆ."

"ಹಸಿವಿದ್ದರೆ ಮಿಡಿ ನನ್ನ ಹಾಲು ಯಾಕೆ ಬಿಡುತ್ತಿತ್ತು?" ಎಂದಳು ಕೆಂಚಿ.

"ನಿನ್ನ ಹಾಲು ಹುಳಿಯಾಗಿರಬೇಕು."

ಕೆಂಚಿ ಎರಡು ಕೈಯಿಂದಲೂ ತಲೆ ಹಿಡಿದುಕೊಂಡಳು. ಕೋರೆಯ್ಯ ಸಂಕಟಕ್ಕೆ ಬಿದ್ದ. ಬೂದವ್ವನ ಮಾತು ನಿಜವಾಗಿದ್ದರೆ ಕೂಸು ನಡುಹೊಳೆಯಲ್ಲಿ ಜಾರುತ್ತದೆ. ಸುಳ್ಳಾಗಿದ್ದರೆ ತಾಯಿಯಿದ್ದ ಕೂಸನ್ನು ಚಿರತೆಗೆ ಬಿಟ್ಟು ಹೋದಂತೆ. ಪರೀಕ್ಷೆ ಮಾಡೋಣವೆಂದರೆ, ಹೆಂಗಸರ ವಿಷಯ. ಅವನು ಆಕಾಶ ನೋಡಿದ.

"ಅಜ್ಜಿ," ಎಂದಳು ಸಂಪಿ. ಅವಳ ದನಿಯಲ್ಲಿ ಅಳುವಿರಲಿಲ್ಲ, ದಣಿವಿತ್ತು. "ಹಲಸಿನ ಸೊನೆ ಹಚ್ಚಿದರೆ ಕೂಸಿನ ಬಾಯಿ ಅಂಟಿಕೊಳ್ಳುವುದಿಲ್ಲವೇ?"

"ಎಳೆಕಾಯಿಯ ಸೊನೆ ಅಂಟುವುದಿಲ್ಲ."

ಇದು ಅವಳು ಆಗಷ್ಟೇ ಕಂಡುಹಿಡಿದ ಸಂಗತಿ. ಬೂದವ್ವ ಜನ್ಮದಲ್ಲಿ ಹಲಸಿನಕಾಯಿ ಮುರಿದವಳಲ್ಲ. ಮೊದಲು ತಾಯಿ, ಆಮೇಲೆ ಸೊಸೆಯರು ಬಿಡಿಸಿ ಕೊಟ್ಟ ಹಣ್ಣಿನ ತೊಳೆ ತಿಂದೇ ಮುದುಕಿಯಾದವಳು.

"ಅಂಟುತ್ತದೆ ಅಜ್ಜಿ," ಎಂದರು ಇಬ್ಬರು ಮೂವರು.

"ನನಗೆ ಹೇಳಿಕೊಡಲು ಬರಬೇಡಿ. ನೋಡಿ."

ತೊಟ್ಟು ಮುರಿದಳು. ಸೊನೆ ಬೆಳ್ಳಗೆ, ದಪ್ಪಗೆ ಸುರಿಯಿತು. ಎಲ್ಲರೂ ಬೇಡ ಬೇಡ ಎಂದರು. ಆಡಿದ ಮಾತನ್ನು ನುಂಗುವ ಅಭ್ಯಾಸ ಬೂದವ್ವನಿಗೆ ಇರಲಿಲ್ಲ, ಸೊನೆಯನ್ನೇ ನೆಕ್ಕಿದಳು. ಒಂದು ಸಲ, ಎರಡು ಸಲ, ತುಟಿ ತುಂಬ.

"ನೋಡಿದಿ—" ಎಂದಳು. ಅಲ್ಲಿಗೆ ಮಾತು ನಿಂತಿತು.

ಮೇಲಿನ ತುಟಿ ಕೆಳಗಿನ ತುಟಿಗೆ ಹತ್ತಿಕೊಂಡಿತು. ಬೂದವ್ವ ಕೈಯಿಂದ ಎಳೆದಳು, ಕೈಯೂ ಹತ್ತಿಕೊಂಡಿತು. ಮಣ್ಣಿಗೆ ಉಜ್ಜಿದಳು, ಮೂತಿಗೆ ಗಡ್ಡ ಬಂದಂತಾಯಿತು. ಸೊಸೆ ಹೊಳೆಯ ನೀರು ತಂದು ಎರಚಿದಳು, ಅಂಟು ಇನ್ನೂ ಗಟ್ಟಿಯಾಯಿತು. ಬೂದವ್ವ ಮ್ಮ್ ಮ್ಮ್ ಎನ್ನುತ್ತಾ ಸುತ್ತ ಸುತ್ತ ತಿರುಗಿದಳು. ಅವಳ ಹೊಟ್ಟೆಯಲ್ಲಿ ಹೇಳಲು ಅಷ್ಟು ಮಾತುಗಳಿದ್ದವು, ಒಂದಕ್ಕೂ ದಾರಿ ಇರಲಿಲ್ಲ. ಮರದ ಮೇಲಿನವರು ನಕ್ಕರು. ಕೆಲವರು ಕೊಂಬೆಯಿಂದ ಬೀಳುವಷ್ಟು ನಕ್ಕರು.

ಸಂಪಿ ನಗಲಿಲ್ಲ. ನಿಟ್ಟುಸಿರು ಬಿಟ್ಟು ಇಳಿದು ಬಂದಳು.

"ಇದಕ್ಕೆ ಜಿಡ್ಡು ಬೇಕು. ಕಾಡಿನಲ್ಲಿ ಎಣ್ಣೆ ಎಲ್ಲಿಂದ ತರಲಿ? ತಲೆ ಎತ್ತಿ ಅಜ್ಜಿ. ಅಲ್ಲಾಡಬೇಡಿ. ಒಂದು ಗಳಿಗೆಯಾದರೂ ಹೇಳಿದ ಹಾಗೆ ಕೇಳಿ."

ಮಿಡಿಯನ್ನು ಒಂದು ಕಡೆಗೆ ಸರಿಸಿಕೊಂಡು, ಇನ್ನೊಂದು ಮೊಲೆಯನ್ನು ಬೂದವ್ವನ ತುಟಿಯ ಮೇಲೆ ಹಿಂಡಿದಳು. ಹಾಲು ಎಳೆಯಾಗಿ ಸುರಿಯಿತು. ಹಿಂಡುವುದು, ಬೆರಳಿನಿಂದ ಉಜ್ಜುವುದು, ಮತ್ತೆ ಹಿಂಡುವುದು. ಕೈ ಬಿಟ್ಟುಕೊಂಡಿತು, ತುಟಿ ಮಾತ್ರ ಇನ್ನೂ ಬಿಡಲಿಲ್ಲ. ಹೊಸ ಹಾಲು ಮೂತಿಯಿಂದ ಗದ್ದಕ್ಕೆ, ಗದ್ದದಿಂದ ನೆಲಕ್ಕೆ ತೊಟ್ಟಿಕ್ಕಿತು. ಆಕಾಶ ನೋಡುತ್ತಿದ್ದ ಕೋರೆಯ್ಯ ಕೆಳಗೆ ನೋಡಿದ. ನೋಡಿದ್ದು ಸಾಕಾಯಿತು.

"ಸಂಪಿ ಮಿಡಿಯನ್ನು ಹೊರುತ್ತಾಳೆ," ಎಂದ. "ಹೊರಡಿ."

ಒಬ್ಬೊಬ್ಬರಾಗಿ ನೆಗೆದರು. ಸಂಪಿ ಮತ್ತಿಮರದ ತುದಿಯಲ್ಲಿ ನಿಂತು ಒಮ್ಮೆ ಕೆಳಗಿನ ಬಂಡೆ ನೋಡಿದಳು. ಮಿಡಿ ಮೊಲೆ ಕಚ್ಚಿಕೊಂಡು ಕಣ್ಣು ಮುಚ್ಚಿತ್ತು. ಅವಳು ನೆಗೆದಳು. ಗಾಳಿಯಲ್ಲಿದ್ದಷ್ಟು ಹೊತ್ತೂ ಕೂಸು ಬಾಯಿ ಬಿಡಲಿಲ್ಲ. ಆಚೆ ಕೊಂಬೆ ಬಾಗಿತು, ಎದ್ದಿತು, ಇಬ್ಬರನ್ನೂ ಹಿಡಿದುಕೊಂಡಿತು.

ಎಲ್ಲರಿಗಿಂತ ಕೊನೆಗೆ ಬೂದವ್ವ ನೆಗೆದು ಬಂದಳು. ಕೊಂಬೆಗೆ ಬಿದ್ದ ಹೊಡೆತಕ್ಕೆ, ಹಾಲಿಗೆ ನೆನೆದಿದ್ದ ಅಂಟು ಬಿಟ್ಟುಕೊಂಡು ತುಟಿ ತೆರೆಯಿತು. ಕ್ಷಮೆ ಕೇಳುತ್ತಾಳೋ, ಬೈಯುತ್ತಾಳೋ ಎಂದು ಎಲ್ಲರಿಗೂ ಕುತೂಹಲ.

ಬೂದವ್ವ ತುಟಿಯ ಮೇಲೆ ಉಳಿದಿದ್ದನ್ನು ನಾಲಿಗೆಯಿಂದ ನೆಕ್ಕಿ ನೋಡಿದಳು. ಇನ್ನೊಂದು ಸಲ ನೆಕ್ಕಿದಳು.

"ಹಾಲೇ," ಎಂದಳು. ಆಮೇಲೆ ತಡೆಯಲಾಗಲಿಲ್ಲ. "ಸ್ವಲ್ಪ ಸಪ್ಪೆ."

"ನಿಮಗೆಂದು ಬಂದದ್ದಲ್ಲ ಅಜ್ಜಿ," ಎಂದು ಸಂಪಿ ಮಿಡಿಯನ್ನು ಇನ್ನೊಂದು ಎದೆಗೆ ಬದಲಿಸಿಕೊಂಡಳು.

ನೀತಿ: ಕಾಣದ್ದನ್ನು ನಿಜವೆಂದು ಸಾಧಿಸಲು ಹೊರಟ ಬಾಯಿ ತನ್ನ ಮಾತಿಗೇ ಅಂಟಿಕೊಳ್ಳುತ್ತದೆ, ತಾಯಿ ಯಾರೆಂದು ತಿಳಿಯಬೇಕಾದರೆ ನೆರೆಯವರನ್ನು ಬಿಟ್ಟು ಕೂಸನ್ನು ಕೇಳಬೇಕು.