ಗುರುಮಲ್ಲನ ಧ್ಯಾನ

ಕಪಿಲೆಯ ದಡದ ಆಶ್ರಮದಲ್ಲಿ ಶಿಷ್ಯ ಗುರುಮಲ್ಲನಿಗೆ ದೊಡ್ಡ ಹೆಸರು ಬಂದುಬಿಟ್ಟಿತ್ತು. ಜಪಕ್ಕೆ ಕೂತರೆ ಸಾಕು, ರೆಪ್ಪೆ ತಾನಾಗಿ ಮುಚ್ಚುತ್ತಿತ್ತು. ಪ್ರಸಾದವನ್ನೂ ಮುಟ್ಟುತ್ತಿರಲಿಲ್ಲ. ಎಂಥಾ ಧ್ಯಾನ, ಎಂಥಾ ವ್ರತ ಅಂತ ಬಂದವರೆಲ್ಲ ಕಾಲಿಗೆ ಬೀಳುತ್ತಿದ್ದರು.

ಧ್ಯಾನವೂ ಇಲ್ಲ, ಮಣ್ಣೂ ಇಲ್ಲ. ರೆಪ್ಪೆ ಎತ್ತಲು ಅವನ ಕೈಲಾಗುತ್ತಿರಲಿಲ್ಲ. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಅವನ ಮೈಮೇಲೆ ತಿರುಗಿಬಿದ್ದಿತ್ತು. ಇದು ಅವನನ್ನೂ ಆಸ್ಪತ್ರೆಯ ಡಾಕ್ಟರನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಗುರುಗಳು ಅವನೆದುರು ಬಂದು ಕೂತರು. ಅನ್ನ ಕಲಸಿ ತುತ್ತು ಬಾಯಿಗಿಟ್ಟರು.

"ಸಾಕು ವ್ರತ. ಸೊರಗಿ ಹೋಗಿದ್ದೀಯ, ನುಂಗು."

ಗುರುಗಳ ಕೈತುತ್ತು, ಬೇಡ ಅನ್ನೋ ಹಾಗಿಲ್ಲ. ನುಂಗಲು ಹೋದ. ನೆತ್ತಿಗೆ ಹತ್ತಿತು, ಉಸಿರು ಕಟ್ಟಿತು, ಜೀವ ಬಾಯಿಗೆ ಬಂತು. ಗುರುಗಳು ಬೆನ್ನು ಗುದ್ದಿ ತುತ್ತು ಕಕ್ಕಿಸಿದರು.

"ಎಷ್ಟು ದಿನದಿಂದ ಹೀಗೆ?"

"ಮಾಘದಿಂದ, ಬುದ್ಧಿ."

"ಡಾಕ್ಟರಿಗೆ ತೋರಿಸಿದ್ಯಾ? ಏನಂದ್ರು?"

"ಮೈ ಕಾಯೋ ಶಕ್ತಿಯೇ ನನ್ನ ಮೇಲೆ ತಿರುಗಿಬಿದ್ದಿದೆಯಂತೆ. ಹೀಗೇ ಬಿಟ್ರೆ ಉಸಿರಿಗೇ ಬರುತ್ತೆ ಅಂದ್ರು. ಹೊಸ ಚಿಕಿತ್ಸೆ ಇದೆಯಂತೆ, ಇನ್ನೂ ಪ್ರಯೋಗದಲ್ಲಿರೋದು. ತೊಡೆಯ ಸ್ನಾಯುವಿಗೆ ಜೀನು, ಅಂದ್ರೆ ವಂಶವಾಹಿ, ತುಂಬಿದ ಸೂಜಿ ಹಾಕ್ತಾರೆ. ಆಮೇಲೆ ಆ ಸ್ನಾಯುವೇ ಒಳಗೊಳಗೇ ಔಷಧ ಮಾಡ್ತಾ ಇರುತ್ತಂತೆ."

"ಮತ್ತೆ?"

"ಹಾಕಿದ್ದನ್ನ ವಾಪಸ್ ತೆಗೆಯೋಕಾಗಲ್ಲ, ಬುದ್ಧಿ. ಹೊರಗಿಂದು ಮೈಯೊಳಗೆ ಮನೆ ಮಾಡ್ಕೊಂಡು ನನ್ನನ್ನೇ ತಿಂದರೆ?"

"ಈಗ ತಿಂತಿರೋದು ಹೊರಗಿಂದಾ?"

ಗುರುಮಲ್ಲ ಕಕ್ಕಿದ ಅನ್ನವನ್ನು ತಡಕಿ ಬಳಿಯತೊಡಗಿದ.

"ಯಾಕಪ್ಪ ಮುಚ್ಚಿಟ್ಟೆ?" ಗುರುಗಳು ಕೇಳಿದರು.

"ಜನ ಕಾಲಿಗೆ ಬೀಳುವಾಗ ನಾನು ರೋಗಿಯೇ ಅಲ್ಲ ಅನ್ನಿಸ್ತಿತ್ತು. ಭಯ, ಬುದ್ಧಿ. ಕಣ್ಣು ಮುಚ್ಚಿದರೆ ಮತ್ತೆ ತೆರೆಯುತ್ತೋ ಇಲ್ವೋ ಅಂತ ಭಯ, ಸೂಜಿ ಅಂದ್ರೆ ಅದಕ್ಕಿಂತ ಭಯ. ಮೊದಲು ಈ ಭಯ ಹೋಗ್ಲಿ, ಆಮೇಲೆ ಆಸ್ಪತ್ರೆಗೆ ಹೋದರಾಯ್ತು ಅಂತ ಕೂತುಬಿಟ್ಟೆ. ನೀವೇ ಈ ಭಯ ತೆಗೀಬೇಕು."

ಗುರುಗಳು ಹೆಬ್ಬೆರಳಿಂದ ಮೆಲ್ಲಗೆ ಅವನ ರೆಪ್ಪೆ ಎತ್ತಿ ಹಿಡಿದರು.

ಗುರುಮಲ್ಲ ನೋಡಿದ. ಅವರ ಮುಖ ಬಿಳಿಚಿಕೊಂಡಿತ್ತು.

"ನಂಗೂ ಭಯವೇ ಕಣಪ್ಪ," ಅಂದರು ಗುರುಗಳು. "ಅದು ಹೋಗಲಿ ಅಂತ ನಾವು ಕಾದರೆ, ನಿನ್ನ ಉಸಿರು ಕಾಯುತ್ತಾ?"