ಮೂತಿ ಇದ್ದ ಗಡಿಗೆ

"ಗುರುಗಳೇ, ನಿಯಮ ಓದ್ಕೊಂಡು ಕೆಲಸ ಶುರುಮಾಡೋದು ತಪ್ಪಾ?" ಅಂತ ಕೇಳಿದ ಭೃಂಗೇಶ.

ಅವನು ಫೋನಿಗೆ ಆ್ಯಪ್ ಮಾಡೋನು. ಅವ್ವನಿಗೆ ಓದಕ್ಕೆ ಬರಲ್ಲ ಅಂತ, ಫೋನಿಗೆ ಬಂದದ್ದನ್ನೆಲ್ಲ ಓದಿ ಹೇಳೋ ಆ್ಯಪ್ ಒಂದನ್ನ ಮಾಡಿದ್ದ. ಬೇರೆ ಆ್ಯಪಿನೊಳಗೆ ಇಣುಕಂಗಿಲ್ಲ ಅಂತ ಆ್ಯಪ್ ಸ್ಟೋರಿನೋರು ಬಾಗಿಲಲ್ಲೇ ತಳ್ಳಿದ್ರು. ಅದನ್ನ ಮೂಲೆಗೆ ಹಾಕಿದ. ಆವತ್ತಿಂದ ಮೊದಲು ಸ್ಟೋರಿನ ನಿಯಮ ಓದೋದು, ಆಮೇಲೆ ಏನು ಮಾಡ್ಲಿ ಅಂತ ಯೋಚಿಸೋದು.

ಗುರುಗಳು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕತೆ ಹೇಳಿದ್ರು.

ಒಬ್ಬಳು ಕುಂಬಾರಗಿತ್ತಿ. ಸುತ್ತಲ ಊರಿಗೆಲ್ಲ ಇದ್ದದ್ದು ಒಂದೇ ಸಂತೆ. ಅದರ ಬಾಗಿಲಲ್ಲಿ ಒಂದು ಬೆತ್ತದ ಬಳೆ. ಗಡಿಗೆ ಅದರೊಳಗೆ ತೂರಿದ್ರೆ ಒಳಕ್ಕೆ, ಇಲ್ದಿದ್ರೆ ಮನೆಗೆ. ಸುಮ್ಮನೆ ಇಟ್ಟದ್ದಲ್ಲ. ಹಿಂದೆ ಯಾರೋ ಸೊಟ್ಟ ಗಡಿಗೆ ಮಾರಿ, ಹೊತ್ತ ಹೆಂಗಸ್ರೆಲ್ಲ ದಾರೀಲಿ ನೀರು ಚೆಲ್ಕೊಂಡು ಶಾಪ ಹಾಕಿದ್ರು. ಬಳೆ ಬಂದ ಮೇಲೆ ನೆಮ್ಮದಿ.

ಇವಳತ್ತೆಗೆ ಗಡಿಗೆ ಬಗ್ಗಿಸೋ ಶಕ್ತಿ ಇರ್ಲಿಲ್ಲ. ಇವಳು ಬುಡದಲ್ಲಿ ನೀರು ಬೀಳೋಕೆ ಒಂದು ಮೂತಿ ಇಟ್ಟು, ಅದಕ್ಕೊಂದು ಬಿರಡೆ ಹಾಕಿ ಕೊಟ್ಲು. ಮುದುಕಿ ಕೂತಲ್ಲೇ ನೀರು ಕುಡೀತು. ನೋಡಿದೋರೆಲ್ಲ ನಮಗೂ ಒಂದು ಅಂದ್ರು. ಇವಳು ಸಂತೆಗೆ ಹೊತ್ಲು. ಮೂತಿ ಬಳೆಗೆ ಸಿಕ್ಕಾಕ್ಕೊಳ್ತು.

"ಮೂತಿ ಮುರಿದು ತಗೊಂಬಾ," ಅಂದ ಬಾಗಿಲೋನು.

"ಮುರಿದ್ರೆ ತೂತು ಗಡಿಗೆ ಆಗ್ತದಲ್ಲ ಸ್ವಾಮಿ!"

"ತೂತಿಗೆ ನಮ್ಮಲ್ಲಿ ನಿಯಮ ಇಲ್ಲ ಕಣವ್ವ. ಬಳೇಲಿ ತೂರಬೇಕು, ಅಷ್ಟೇ."

ಇವಳು ವಾಪಸ್ ಬಂದ್ಲು. ಇನ್ನೊಂದ್ಸಲ ಹೊರೆ ಹೊತ್ತು ತಿರುಗೋದು ಯಾಕೆ ಅಂತ ಅಷ್ಟೇ ಅಗಲದ ಬಳೆ ಒಂದನ್ನ ಹೆಣೆದು, ಮನೇಲಿ ಗಡಿಗೆ ಮಾಡೋ ತಿಗರಿ ಮೇಲೆ ನೇತುಹಾಕಿದ್ಲು. ಅದರ ಅಳತೆ ನೋಡ್ಕೊಂಡೇ ಗಡಿಗೆ ಮಾಡೋದು. ಆಮೇಲೆ ಒಂದೂ ವಾಪಸ್ ಬರ್ಲಿಲ್ಲ. ಬಾಗಿಲೋನು ಬಾಯ್ತುಂಬ "ಬಾರವ್ವ" ಅನ್ನೋನು.

ವರ್ಷಗಳು ಹೋದ್ವು. ಬಾಗಿಲಿಗೆ ಹೊಸಬ ಬಂದ. ಹಳೇ ಬಳೆ ಕಿತ್ತು ಒಲೆಗೆ ಹಾಕಿದ. ಏನು ಬೇಕಾದ್ರೂ ತನ್ನಿ ಅಂದ. ಇವಳು ಮನೆಗೆ ಬಂದು, ನೇತುಹಾಕಿದ ಬಳೆ ಕೆಳಗೇ ತಿಗರಿ ತಿರುಗಿಸಿದ್ಲು. ಎದ್ದದ್ದು ಅದೇ ಗುಂಡು ಗಡಿಗೆ. ಅತ್ತೆಯ ಹಳೇ ಗಡಿಗೆ ಆಗ್ಲೇ ಒಡೆದುಹೋಗಿತ್ತು.

"ಈಗಾದ್ರೂ ನಂಗೊಂದು ಮೂತಿ ಇಟ್ಕೊಡೇ," ಅಂತು ಮುದುಕಿ.

"ಯಾವ ಮೂತಿ ಅತ್ತೆ?" ಅಂದ್ಲು ಇವಳು.

ಕತೆ ಅಲ್ಲಿಗೆ ನಿಂತಿತು. ಭೃಂಗೇಶನಿಗೆ ರೇಗಿತು. "ಎಲ್ಲಾ ಆ ಬಾಗಿಲೋನಿಂದ್ಲೇ ಹಾಳಾಗಿದ್ದು ಗುರುಗಳೇ!"

"ಬಾಗಿಲ ಬಳೆ ಅವಂದೇ ಕಣಪ್ಪ, ತಿಗರಿ ಮೇಲಿಂದು ಯಾರ್ದು?" ಅಂದ್ರು ಗುರುಗಳು.