ಎರಡು ಕಡವಿನ ಗಳಿಕೆ

ಹೊಳೆದಂಡೆಯ ಆಶ್ರಮದಲ್ಲಿ ಅಡಿವೆಪ್ಪನೆಂಬ ಶಿಷ್ಯನಿದ್ದ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

ಆ ಹೊಳೆ ದಾಟಲು ಎರಡು ಕಡವು. ಎರಡರಲ್ಲೂ ಅಂಬಿಗರು ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು. ಒಮ್ಮೆ ಅಡಿವೆಪ್ಪ ಮೇಲಿನ ಕಡವಿನ ಆರು ಮಂದಿಯನ್ನೂ ಕೆಳಗಿನ ಕಡವಿನ ಆರು ಮಂದಿಯನ್ನೂ ಹಿಡಿದು, ವಾರದ ಗಳಿಕೆ ಕೇಳಿದ. ಸರಾಸರಿ ತೆಗೆದ. ಮೇಲಿನವರದು ಹೆಚ್ಚು ಬಂತು.

"ಕೆಳಗಿನ ಕಡವಿನವರು ಸೋಮಾರಿಗಳು" ಎಂದು ಸಿಕ್ಕವರಿಗೆಲ್ಲ ಹೇಳಿದ.

ಕೆಲವು ದಿನ ಕಳೆದು ನೀಲವ್ವ ಎಂಬ ಹುಡುಗಿ ಆಶ್ರಮಕ್ಕೆ ಬಂದಳು. ಮೇಲಿನ ಕಡವಿನ ದುರುಗಪ್ಪನ ಮಗಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಅಣ್ಣಾ, ಕೆಳಗಿನ ಕಡವಿನ ಹುಲಿಗೆಪ್ಪನಿಗೆ ನನ್ನನ್ನು ಕೊಡುವ ಮಾತಾಗಿತ್ತು. ನಿಮ್ಮ ಲೆಕ್ಕ ಕಿವಿಗೆ ಬಿದ್ದ ಮೇಲೆ ಅಪ್ಪ ಒಲ್ಲೆ ಅಂತಾನೆ. ನೀವು ಹೇಳಿದ್ದು ನಿಜವೇ?"

"ಲೆಕ್ಕ ಸುಳ್ಳಾಡೋದಿಲ್ಲ ತಂಗಿ" ಎಂದ ಅಡಿವೆಪ್ಪ. ಅಂದವನಿಗೆ ಅವಳ ಮುಖ ನೋಡಲಾಗಲಿಲ್ಲ.

ಒಳಗಿದ್ದ ಗುರುಗಳಿಗೆ ಇದು ಕೇಳಿಸಿತು. ಹೊರಗೆ ಬಂದು ನೀಲವ್ವನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಶಿಷ್ಯನಿಂದ ದೊನ್ನೆ, ಹುಣಸೆ ಬೀಜ ತರಿಸಿದರು.

"ಒಬ್ಬೊಬ್ಬ ಅಂಬಿಗನಿಗೆ ಒಂದು ದೊನ್ನೆ. ಅವನ ಗಳಿಕೆಗೆ ತಕ್ಕಷ್ಟು ಬೀಜ ಹಾಕು."

ಅಡಿವೆಪ್ಪ ಹಾಕಿದ. ಮೇಲಿನವರದೊಂದು ಸಾಲು, ಕೆಳಗಿನವರದೊಂದು ಸಾಲು.

"ಈ ಅಂತರ ಕಡವಿನಿಂದಲೇ ಬಂತು ಅಂತೀಯ. ಕಡವಿಗೂ ಗಳಿಕೆಗೂ ಸಂಬಂಧವೇ ಇಲ್ಲ ಅಂತ ಒಂದು ಗಳಿಗೆ ಇಟ್ಟುಕೊಳ್ಳೋಣ. ಆಗಲೂ ಇಷ್ಟು ಅಂತರ ಬಂದೀತೇ, ನೋಡು. ಮಗಳೇ, ದೊನ್ನೆಗಳನ್ನು ಅದಲುಬದಲು ಮಾಡಿ, ಕಣ್ಣು ಮುಚ್ಚಿ ಆರಾರು ಎತ್ತಿಡು."

ನೀಲವ್ವ ಎತ್ತಿಟ್ಟಳು. ಅಡಿವೆಪ್ಪ ಎಣಿಸಿದ. ಅಂತರ ಅವನು ಕಂಡದ್ದಕ್ಕಿಂತ ದೊಡ್ಡದಿತ್ತು.

"ಇನ್ನೊಮ್ಮೆ."

ಈ ಸಲ ಚಿಕ್ಕದು.

"ಇನ್ನೊಮ್ಮೆ."

ಬಿಸಿಲು ಇಳಿಯುವವರೆಗೂ ಅವಳು ಇಟ್ಟಳು, ಅವನು ಎಣಿಸಿದ. ಅವನು ಊರೆಲ್ಲ ಸಾರಿದಷ್ಟು ಅಂತರ ಮತ್ತೆ ಮತ್ತೆ ಬಂತು.

ಅಡಿವೆಪ್ಪನ ಕೈ ನಿಂತಿತು.

"ಯಾವ ದೊನ್ನೆ ಯಾವ ಕಡವಿನದು ಅಂತ ಇವಳ ಕೈಗೆ ಗೊತ್ತಿಲ್ಲ. ಆದರೂ ಅಷ್ಟೇ ಅಂತರ ಬರ್ತಾ ಇದೆ."

"ಹೂಂ."

"ಹಾಗಾದರೆ ಎರಡು ಕಡವೂ ಸಮ! ಈಗಲೇ ಹೋಗಿ ಎಲ್ಲರಿಗೂ ಹೇಳ್ತೀನಿ."

ಎದ್ದವನ ಕೈಯನ್ನು ಗುರುಗಳು ಮೆಲ್ಲಗೆ ಹಿಡಿದು ಕೂರಿಸಿದರು.

"ಮತ್ತೆ ಓಡಬೇಡಪ್ಪಾ. ಸಮ ಅಂತ ಯಾರು ಹೇಳಿದರು? ಇಷ್ಟು ಅಂತರ ಸುಮ್ಮನೆಯೂ ಬಂದೀತು ಅಂತಷ್ಟೇ ಗೊತ್ತಾಯಿತು. ಹನ್ನೆರಡು ದೊನ್ನೆಯ ಬಾಯಲ್ಲಿ ಅಷ್ಟು ದೊಡ್ಡ ಮಾತು ಹಿಡಿಸದು."

ಅಡಿವೆಪ್ಪ ತಲೆ ತಗ್ಗಿಸಿದ. ನೀಲವ್ವನ ಕಡೆ ತಿರುಗಿದ.

"ತಂಗಿ, ತಿಳಿಯದ್ದನ್ನು ತಿಳಿದವನ ಹಾಗೆ ಆಡಿಬಿಟ್ಟೆ."

"ಅಪ್ಪನ ಮುಂದೆ ಇದನ್ನೇ ಹೇಳ್ತೀರಾ, ಅಣ್ಣಾ?"

"ಹೇಳ್ತೀನಿ" ಎಂದ. ಆಮೇಲೆ ಅಳುಕಿ ಗುರುಗಳನ್ನು ನೋಡಿದ. "ಹಾಗಾದರೆ ಆ ಹುಡುಗ ಎಂಥವನು ಅಂತ ದುರುಗಪ್ಪ ಕೇಳಿದರೆ ಏನನ್ನಲಿ?"

ಗುರುಗಳು ಅವನ ತಲೆ ನೇವರಿಸಿದರು.

"ಗೊತ್ತಿಲ್ಲ ಅನ್ನು. ಆಮೇಲೆ ದುರುಗಪ್ಪನನ್ನು ಕರೆದುಕೊಂಡು ಹೋಗಿ, ಆ ಹುಡುಗನ ಹರಿಗೋಲಿನಲ್ಲಿ ಕೂತು ಹೊಳೆ ದಾಟು."